ಕ್ವಿನೋವಾ ಮುದ್ದೆಯಾಗದಂತೆ, ತರಕಾರಿ ನೀರು ಬಿಡದಂತೆ: ಹಂತ ಹಂತದ ಮಾರ್ಗದರ್ಶಿ

ಕ್ವಿನೋವಾ (ಧಾನ್ಯದಂತೆ ಬೇಯಿಸಿ ತಿನ್ನುವ ಸಣ್ಣ ಕಾಳು) ಜೊತೆ ತಾಜಾ ಬೇಸಿಗೆ ತರಕಾರಿ ಬೆರೆಸಿ ಸಲಾಡ್ ಮಾಡುವವರಿಂದ ಬರುವ ದೂರುಗಳು ಹೆಚ್ಚುಕಡಿಮೆ ಮೂರೇ. ಕಾಳು ಮುದ್ದೆಯಾಯಿತು. ಕಹಿ ಬಂತು. ಬೆರೆಸಿಟ್ಟ ಅರ್ಧ ಗಂಟೆಯಲ್ಲಿ ಬೋಗುಣಿಯ ತಳದಲ್ಲಿ ನೀರು ನಿಂತಿತು. ಬೇರೆ ಪ್ಯಾಕೆಟ್ ತಂದರೂ, ಬೇರೆ ರೆಸಿಪಿ ನೋಡಿದರೂ ಮತ್ತೆ ಅದೇ ಕಥೆ.

ಕಹಿಯ ವಿಚಾರ ಬೇರೆ, ಅದಕ್ಕೆ ಕೊನೆಯಲ್ಲಿ ಬರೋಣ. ಉಳಿದ ಎರಡಕ್ಕೂ ಕಾರಣ ನೀರು. ತೊಳೆದ ಕಾಳಿನಲ್ಲಿ ಉಳಿದ ನೀರು, ಬೇಯಿಸಲು ಅಳತೆ ಮೀರಿ ಹಾಕಿದ ನೀರು, ಮುಚ್ಚಳದಿಂದ ತೊಟ್ಟಿಕ್ಕುವ ಹಬೆಯ ನೀರು, ಟೊಮೆಟೊ ಮತ್ತು ಸೌತೆಕಾಯಿಯ ಒಳಗಿನ ನೀರು. ಈ ಎರಡು ತರಕಾರಿಗಳಲ್ಲಂತೂ ತೂಕದ ನೂರರಲ್ಲಿ ಸುಮಾರು 95 ಭಾಗ ನೀರೇ. ಬೆರೆಸುವ ಮೊದಲು ಇದನ್ನೆಲ್ಲ ಹೊರಗೆ ಹಾಕಿದರೆ ಅಡುಗೆ ಅರ್ಧ ಗೆದ್ದಂತೆ. ಕೆಳಗಿನ ಹಂತಗಳ ಕ್ರಮವೂ ಅದೇ ಲೆಕ್ಕದಲ್ಲಿದೆ, ಹಾಗಾಗಿ ಕ್ರಮ ಬದಲಿಸಬೇಡಿ.

## ಬೇಕಾಗುವ ಪದಾರ್ಥಗಳು

ಇದು ನಾಲ್ಕು ಜನರಿಗೆ ಸಾಲುವ ಅಳತೆ. ಕಪ್ ಎಂದರೆ ಇಲ್ಲಿ 240 ಮಿಲಿಲೀಟರ್. ನಿಮ್ಮ ಮನೆಯ ಲೋಟ ಬೇರೆ ಅಳತೆಯದಾದರೂ ಪರವಾಗಿಲ್ಲ, ಕಾಳಿಗೂ ನೀರಿಗೂ ಅದೇ ಲೋಟ ಬಳಸಿದರಾಯಿತು.

- ಬಿಳಿ ಕ್ವಿನೋವಾ: 1 ಕಪ್ (ಸುಮಾರು 170 ಗ್ರಾಂ). ಬೆಂದ ಮೇಲೆ ಹತ್ತಿರ ಹತ್ತಿರ 3 ಕಪ್ ಆಗುತ್ತದೆ.
- ನೀರು: ಒಂದೂವರೆ ಕಪ್
- ಟೊಮೆಟೊ: ಮಧ್ಯಮ ಗಾತ್ರದ 3
- ಸೌತೆಕಾಯಿ: 1
- ಜುಕಿನಿ (ಸೌತೆಕಾಯಿಯಂತೆ ಕಾಣುವ, ಕುಂಬಳ ಜಾತಿಯ ಕಾಯಿ): ಚಿಕ್ಕವು 2
- ಸಿಹಿಜೋಳದ ತೆನೆ: 2
- ಬೀನ್ಸ್: 100 ಗ್ರಾಂ
- ಕ್ಯಾಪ್ಸಿಕಂ: 1, ಈರುಳ್ಳಿ: ಚಿಕ್ಕದು 1
- ಪುದೀನ, ಕೊತ್ತಂಬರಿ ಅಥವಾ ತುಳಸಿ ಜಾತಿಯ ಬೇಸಿಲ್: ಒಂದು ಹಿಡಿ
- ಎಣ್ಣೆ: 5 ಟೇಬಲ್ ಚಮಚ, ನಿಂಬೆರಸ: 3 ಟೇಬಲ್ ಚಮಚ, ಬೆಳ್ಳುಳ್ಳಿ: 1 ಎಸಳು
- ಉಪ್ಪು, ಕಾಳುಮೆಣಸಿನ ಪುಡಿ

ಎಲ್ಲ ತರಕಾರಿಯೂ ಇರಲೇಬೇಕೆಂದಿಲ್ಲ. ನಾಲ್ಕು ಸಾಕು. ಆದರೆ ನೀರಿನ ತರಕಾರಿ ಎರಡಕ್ಕಿಂತ ಜಾಸ್ತಿ ಬೇಡ.

ಪಾತ್ರೆಗಳಲ್ಲಿ ಮುಖ್ಯವಾದದ್ದು ಸಣ್ಣ ಕಣ್ಣಿನ ಜರಡಿ. ಕ್ವಿನೋವಾ ಕಾಳಿನ ಅಗಲ 2 ಮಿಲಿಮೀಟರಿನ ಆಸುಪಾಸು. ತರಕಾರಿ ತೊಳೆಯುವ ದೊಡ್ಡ ತೂತಿನ ಬುಟ್ಟಿಯಲ್ಲಿ ಹಾಕಿದರೆ ಅರ್ಧ ಕಾಳು ಸಿಂಕಿನ ಪಾಲು. ಅಂಥ ಜರಡಿ ಇಲ್ಲದಿದ್ದರೆ ತೆಳುವಾದ ಹತ್ತಿ ಬಟ್ಟೆಯಲ್ಲಿ ಸೋಸಿ. ಇದರ ಜೊತೆಗೆ ದಪ್ಪ ತಳದ, ಬಿಗಿಯಾಗಿ ಕೂರುವ ಮುಚ್ಚಳವಿರುವ 2 ಲೀಟರಿನ ಪಾತ್ರೆ, ಅಗಲವಾದ ಬಾಣಲೆ, ಒಂದು ದೊಡ್ಡ ತಟ್ಟೆ, ಫೋರ್ಕ್ ಮತ್ತು ಒಣಗಿದ ಎರಡು ಅಡುಗೆಮನೆ ಬಟ್ಟೆಗಳನ್ನು ಹತ್ತಿರ ಇಟ್ಟುಕೊಳ್ಳಿ. ಗಾಜಿನ ಮುಚ್ಚಳವಾದರೆ ಇನ್ನೂ ಒಳ್ಳೆಯದು. ತೆರೆದು ನೋಡುವ ಚಪಲ ಇರುವುದಿಲ್ಲ.

## ಹಂತ 1: ಕಾಳನ್ನು ಮೂಸಿ, ತೊಳೆದು, ಬಸಿಯಿರಿ

ಮೊದಲು ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಹಾಕಿಕೊಂಡು ಮೂಸಿ ನೋಡಿ. ಕ್ವಿನೋವಾದಲ್ಲಿ ಎಣ್ಣೆಯ ಅಂಶ ಇದೆ, ಹಳೆಯದಾದರೆ ಕಮಟು ವಾಸನೆ ಹೊಡೆಯುತ್ತದೆ. ಅಂಥದ್ದನ್ನು ಎಷ್ಟು ತೊಳೆದರೂ ಹುರಿದರೂ ಸರಿಹೋಗದು. ಮುಂದೆ ಕೆಲಸ ಬೆಳೆಸುವ ಮೊದಲೇ ಬಿಸಾಡಿ.

ಕ್ವಿನೋವಾ ಕಾಳಿನ ಹೊರಮೈಯಲ್ಲಿ ಸಪೋನಿನ್ ಎಂಬ ಕಹಿ ಪದಾರ್ಥ ಇರುತ್ತದೆ. ನೀರು ತಾಗಿದರೆ ಸೋಪಿನಂತೆ ನೊರೆ ಬರುವುದು ಅದರಿಂದಲೇ. ಈಗ ಸಿಗುವ ಬಹುಪಾಲು ಪ್ಯಾಕೆಟ್‌ಗಳಲ್ಲಿ ಅದನ್ನು ಮೊದಲೇ ತೆಗೆದಿರುತ್ತಾರೆ. ಆದರೂ ಪುಡಿ ಉಳಿದಿರುತ್ತದೆ. "ತೊಳೆದದ್ದು" ಎಂದು ಬರೆದಿದ್ದರೂ ಒಮ್ಮೆ ತೊಳೆಯುವುದೇ ಜಾಣತನ.

ತೊಳೆಯುವ ಬಗೆ ಹೀಗೆ. ಬೋಗುಣಿಯಲ್ಲಿ ಕಾಳು ಹಾಕಿ, ತಣ್ಣೀರು ಸುರಿದು, ಬೆರಳುಗಳಿಂದ ಅರ್ಧ ನಿಮಿಷ ಉಜ್ಜಿ. ನೀರು ಚೆಲ್ಲಿ. ಇನ್ನೊಮ್ಮೆ ಮಾಡಿ. ನಂತರ ಜರಡಿಗೆ ಹಾಕಿ ನಲ್ಲಿಯ ಕೆಳಗೆ ಒಂದು ನಿಮಿಷ ಹಿಡಿಯಿರಿ.

ಸಾಕಾಯಿತೋ ಇಲ್ಲವೋ ಎಂಬ ಅನುಮಾನ ಇದ್ದರೆ ಒಂದು ಚಮಚ ಕಾಳನ್ನು ಗಾಜಿನ ಬಾಟಲಿಗೆ ಹಾಕಿ, ಸ್ವಲ್ಪ ನೀರು ಸೇರಿಸಿ, ಮುಚ್ಚಿ ಜೋರಾಗಿ ಅಲುಗಾಡಿಸಿ. ಮೇಲೆ ನೊರೆ ಎದ್ದು ಹಾಗೇ ನಿಂತರೆ ಸಪೋನಿನ್ ಇನ್ನೂ ಇದೆ. ಗುಳ್ಳೆ ಬಂದು ತಕ್ಷಣ ಒಡೆದರೆ ಕಾಳು ಸಿದ್ಧ.

ಈಗ ಹೆಚ್ಚಿನವರು ಹಾರಿಸಿಬಿಡುವ ಕೆಲಸ: ಬಸಿಯುವುದು. ಜರಡಿಯನ್ನು ಬೋಗುಣಿಯ ಮೇಲೆ ಓರೆಯಾಗಿ ಇಟ್ಟು 5 ನಿಮಿಷ ಬಿಡಿ. ಆಮೇಲೆ ಜರಡಿಯ ತಳಕ್ಕೆ ಒಣ ಬಟ್ಟೆ ಒತ್ತಿ. ಒದ್ದೆ ಕಾಳು ತನ್ನ ಜೊತೆ ಎರಡು ಮೂರು ಚಮಚ ನೀರನ್ನು ಸುಮ್ನೆ ಪಾತ್ರೆಗೆ ತಂದುಬಿಡುತ್ತದೆ. ಹಾಗಾದರೆ ನೀವು ಅಳೆದು ಹಾಕಿದ ನೀರಿನ ಲೆಕ್ಕ ಅಲ್ಲೇ ತಪ್ಪಿತು.

ನೆನೆಸುವುದು ಬೇಕಾ? ಈ ಅಡುಗೆಗೆ ಬೇಡ. ನೆನೆದ ಕಾಳಿಗೆ ನೀರೂ ಕಡಿಮೆ ಸಾಕು, ಸಮಯವೂ ಕಡಿಮೆ ಸಾಕು. ಕೆಳಗಿನ ಅಳತೆ ನೆನೆಸದ ಕಾಳಿನದು.

## ಹಂತ 2: ಹುರಿಯಿರಿ, ಆದರೆ ಅಲ್ಲೇ ನಿಂತಿರಿ

ಬೇಯಿಸುವ ಪಾತ್ರೆಯಲ್ಲೇ ಒಂದು ಟೀ ಚಮಚ ಎಣ್ಣೆ ಬಿಸಿ ಮಾಡಿ, ಬಸಿದ ಕಾಳು ಹಾಕಿ, ಮಧ್ಯಮ ಉರಿಯಲ್ಲಿ 4-5 ನಿಮಿಷ ಕೈಯಾಡಿಸಿ. ಮೊದಲು ಉಳಿದ ನೀರು ಆವಿಯಾಗುತ್ತದೆ. ಆಮೇಲೆ ಕಾಳು ಬಿಡಿಬಿಡಿಯಾಗಿ, ಸಣ್ಣಗೆ ಚಟಚಟ ಸದ್ದು ಶುರುವಾಗುತ್ತದೆ, ಕಡಲೆಕಾಯಿ ಹುರಿದಂಥ ಘಮ ಬರುತ್ತದೆ. ಅಲ್ಲಿಗೆ ನಿಲ್ಲಿಸಿ.

ಬಣ್ಣ ಕಂದಾಗಲಿ ಎಂದು ಕಾಯಬೇಡಿ. ಕಾಳು ಸಣ್ಣದು, ಹದ ಮೀರಲು ಅರ್ಧ ನಿಮಿಷ ಸಾಕು. ಸೀದ ಕಾಳು ಕಹಿಯಾಗುತ್ತದೆ, ಅದನ್ನು ಸಪೋನಿನ್ ಕಹಿ ಎಂದುಕೊಂಡು ಮುಂದಿನ ಸಲ ಇನ್ನಷ್ಟು ತೊಳೆಯುತ್ತಾ ಕೂರುವವರಿದ್ದಾರೆ. ಫೋನ್ ಬಂದರೆ ಉರಿ ಆರಿಸಿ ಹೋಗಿ.

ಹುರಿಯಲೇಬೇಕೆಂಬ ನಿಯಮ ಇಲ್ಲ. ಹುರಿದರೆ ರುಚಿ ಹೆಚ್ಚು, ಕಾಳು ಅಂಟುವುದು ಕಡಿಮೆ, ಅಷ್ಟೇ.

## ಹಂತ 3: ಬೇಯಿಸಿ

ಪ್ಯಾಕೆಟ್ ಮೇಲೆ ಸಾಮಾನ್ಯವಾಗಿ ಒಂದಕ್ಕೆ ಎರಡು ನೀರು ಎಂದು ಇರುತ್ತದೆ. ಗಂಜಿ ಬೇಕಿದ್ದರೆ ಅದು ಸರಿ. ಉದುರುದುರಾಗಿ ಬೇಕಿದ್ದರೆ ಒಂದಕ್ಕೆ ಒಂದೂವರೆ. ಮುಚ್ಚಳ ಸಡಿಲವಿದ್ದು ಹಬೆ ಜಾಸ್ತಿ ಹೋಗುತ್ತಿದ್ದರೆ ಒಂದೂಮುಕ್ಕಾಲು. ಅದಕ್ಕಿಂತ ಮುಂದೆ ಹೋಗುವುದು ಬೇಡ.

ಹುರಿದ ಕಾಳಿಗೆ ನೀರನ್ನು ನಿಧಾನವಾಗಿ, ಪಾತ್ರೆಯ ಅಂಚಿನಿಂದ ಸುರಿಯಿರಿ. ಬಿಸಿ ಪಾತ್ರೆಗೆ ಒಮ್ಮೆಲೇ ಸುರಿದರೆ ಹಬೆ ಮುಖಕ್ಕೆ ಹೊಡೆಯುತ್ತದೆ. ಅರ್ಧ ಟೀ ಚಮಚ ಉಪ್ಪು ಹಾಕಿ. ಜೋರು ಉರಿಯಲ್ಲಿ ಕುದಿ ಬರಲಿ. ಕುದಿ ಬಂದ ಕೂಡಲೇ ಉರಿಯನ್ನು ತೀರಾ ಸಣ್ಣದು ಮಾಡಿ, ಮುಚ್ಚಿ, 15 ನಿಮಿಷ ಬಿಡಿ.

ಈ 15 ನಿಮಿಷ ಮುಚ್ಚಳ ತೆಗೆಯುವಂತಿಲ್ಲ, ಸೌಟು ಹಾಕುವಂತಿಲ್ಲ. ಕೈಯಾಡಿಸಿದರೆ ಮೆತ್ತಗಾದ ಕಾಳು ಒಡೆದು ಪಿಷ್ಟ ಬಿಡುತ್ತದೆ, ಅದೇ ಅಂಟು. ತಳ ಹಿಡಿಯುವ ಭಯ ಇದ್ದರೆ ಪಾತ್ರೆ ಕದಲಿಸಬೇಡಿ, ಉರಿ ಇನ್ನೂ ಇಳಿಸಿ.

ಕೆಂಪು ಮತ್ತು ಕಪ್ಪು ಕ್ವಿನೋವಾ ಗಟ್ಟಿ ಜಾತಿ. ಅವಕ್ಕೆ 18ರಿಂದ 20 ನಿಮಿಷ ಬೇಕು, ನೀರೂ ಎರಡು ಮೂರು ಚಮಚ ಹೆಚ್ಚು. ಮೂರು ಬಣ್ಣ ಬೆರೆಸಿದ ಪ್ಯಾಕೆಟ್ ನೋಡಲು ಚೆಂದ, ಆದರೆ ಕಪ್ಪು ಕಾಳು ಬೇಯುವ ಹೊತ್ತಿಗೆ ಬಿಳಿ ಕಾಳು ಹದ ಮೀರಿರುತ್ತದೆ. ಕೈ ಪಳಗುವವರೆಗೆ ಒಂದೇ ಬಣ್ಣ ಸಾಕು.

15 ನಿಮಿಷದ ನಂತರ ಹೀಗೆ ಪರೀಕ್ಷಿಸಿ:

1. ಪಾತ್ರೆಯನ್ನು ಸ್ವಲ್ಪ ಓರೆ ಮಾಡಿ. ತಳದಲ್ಲಿ ನೀರು ಹರಿಯಬಾರದು.
2. ಕಾಳಿನ ಸುತ್ತ ಬಿಳಿ ದಾರದಂಥ ಉಂಗುರ ಬಿಟ್ಟುಕೊಂಡಿರಬೇಕು. ಅದು ಕಾಳಿನ ಮೊಳಕೆಯ ಭಾಗ.
3. ಒಂದು ಕಾಳನ್ನು ಒತ್ತಿ ನೋಡಿ. ನಡುವೆ ಸುಣ್ಣದಂಥ ಬಿಳಿ ಚುಕ್ಕೆ ಕಂಡರೆ ಇನ್ನೂ ಬೇಯಬೇಕು.

ನೀರು ಇಂಗಿದೆ ಆದರೆ ಕಾಳು ಬೆಂದಿಲ್ಲ ಎಂದಾದರೆ ಮೂರು ಚಮಚ ಬಿಸಿನೀರು ಚಿಮುಕಿಸಿ, ಮುಚ್ಚಿ 5 ನಿಮಿಷ ಇಡಿ. ಕಾಳು ಬೆಂದಿದೆ ಆದರೆ ನೀರು ಉಳಿದಿದೆ ಎಂದಾದರೆ ಕಾಯುತ್ತಾ ಕೂರದೆ ತಕ್ಷಣ ಜರಡಿಯಲ್ಲಿ ಬಸಿದುಬಿಡಿ. ಬಹಳ ಎತ್ತರದ ಪ್ರದೇಶದಲ್ಲಿ ಇರುವವರಿಗೆ ನೀರು ಕಡಿಮೆ ಬಿಸಿಯಲ್ಲೇ ಕುದಿಯುವುದರಿಂದ ಕೆಲವು ನಿಮಿಷ ಹೆಚ್ಚು ಬೇಕಾಗುತ್ತದೆ.

ಅಳತೆಯ ಗೊಡವೆಯೇ ಬೇಡ ಎನ್ನುವವರಿಗೆ. ದೊಡ್ಡ ಪಾತ್ರೆಯಲ್ಲಿ ಒಂದೂವರೆ ಲೀಟರ್ ನೀರು ಕುದಿಸಿ, ಉಪ್ಪು ಹಾಕಿ, ಕಾಳು ಸುರಿದು, ಮುಚ್ಚದೆ 10-12 ನಿಮಿಷ ಬೇಯಿಸಿ. ಬಿಳಿ ಉಂಗುರ ಕಂಡ ಕೂಡಲೇ ಜರಡಿಗೆ ಬಸಿದು, ಖಾಲಿ ಬಿಸಿ ಪಾತ್ರೆಗೆ ಮತ್ತೆ ಹಾಕಿ ಮುಚ್ಚಿಡಿ. ಇದರಲ್ಲಿ ತಳ ಹಿಡಿಯುವ ಮಾತೇ ಇಲ್ಲ, ಕಹಿಯೂ ನೀರಿನೊಂದಿಗೆ ಹೋಗುತ್ತದೆ. ಪದೇ ಪದೇ ಕೆಡುತ್ತಿದ್ದರೆ ಈ ದಾರಿಯನ್ನೇ ಹಿಡಿಯಿರಿ ಎನ್ನುತ್ತೇನೆ. ನಾಚಿಕೆ ಪಡುವಂಥದ್ದೇನೂ ಇದರಲ್ಲಿಲ್ಲ.

ಕುಕ್ಕರಿನಲ್ಲಿ ಮಾಡುವುದಾದರೆ. ಕ್ವಿನೋವಾ ನೊರೆ ಏಳುವ ಕಾಳು. ಕುಕ್ಕರನ್ನು ಅರ್ಧಕ್ಕಿಂತ ಮೇಲೆ ತುಂಬಬಾರದು, ಹಬೆ ಹೋಗುವ ದಾರಿ ಕಟ್ಟಿಕೊಂಡರೆ ಅಪಾಯ. ಒಂದು ವಿಷಲ್ ಆದ ಮೇಲೆ ಉರಿ ಆರಿಸಿ, ಒತ್ತಡ ತಾನಾಗಿ ಇಳಿಯಲಿ. ಉದುರುದುರಾಗಿ ಬರುವ ಖಾತ್ರಿ ಮಾತ್ರ ಇದರಲ್ಲಿ ಕಡಿಮೆ. ನನ್ನ ಮಟ್ಟಿಗೆ ಕುಕ್ಕರ್ ಈ ಅಡುಗೆಗೆ ಹೇಳಿಸಿದ್ದಲ್ಲ.

ಎರಡು ಪಟ್ಟು ಮಾಡುವಾಗ ನೀರನ್ನು ಸರಿಯಾಗಿ ಎರಡು ಪಟ್ಟು ಮಾಡಬೇಡಿ. ಅದೇ ಪಾತ್ರೆಯಲ್ಲಿ ಆವಿಯಾಗುವ ನೀರು ಎರಡು ಪಟ್ಟಾಗುವುದಿಲ್ಲವಲ್ಲ. 2 ಕಪ್ ಕಾಳಿಗೆ 3 ಕಪ್ಪಿಗಿಂತ ಕೊಂಚ ಕಡಿಮೆ ಸಾಕು.

## ಹಂತ 4: ಕಾಳು ಬೇಯುವಾಗ ಟೊಮೆಟೊ, ಸೌತೆಕಾಯಿಗೆ ಉಪ್ಪು

ಒಲೆಯ ಮೇಲೆ ಕಾಳು ಇರುವ ಹೊತ್ತು ಈ ಕೆಲಸಕ್ಕೆ ಸರಿಹೊಂದುತ್ತದೆ.

ಸೌತೆಕಾಯಿಯ ತೊಟ್ಟಿನ ತುದಿ ಕತ್ತರಿಸಿ ಒಂದು ಚೂರು ತಿಂದು ನೋಡಿ. ಕಹಿ ಇದ್ದರೆ ಇನ್ನೊಂದು ಅಂಗುಲ ಕತ್ತರಿಸಿ, ಸಿಪ್ಪೆ ತೆಗೆದು, ಮತ್ತೆ ನೋಡಿ. ಆಗಲೂ ಕಹಿ ಎಂದರೆ ಆ ಕಾಯಿ ಬೇಡ. ಸರಿಯಿದ್ದರೆ ಉದ್ದಕ್ಕೆ ಸೀಳಿ, ಬೀಜದ ಲೋಳೆಯನ್ನು ಚಮಚದಿಂದ ಕೆರೆದು ತೆಗೆಯಿರಿ. ಒಂದು ಸೆಂಟಿಮೀಟರಿನ ಹೋಳು ಮಾಡಿ, ಕಾಲು ಟೀ ಚಮಚ ಉಪ್ಪು ಸವರಿ, ಜರಡಿಯಲ್ಲಿ ಬಿಡಿ.

ಟೊಮೆಟೊ ಹೆಚ್ಚಿ, ಕಾಲು ಟೀ ಚಮಚ ಉಪ್ಪು ಹಾಕಿ, ಇನ್ನೊಂದು ಜರಡಿಯಲ್ಲಿ ಬೋಗುಣಿಯ ಮೇಲೆ ಇಡಿ. ಇಳಿಯುವ ರಸ ಚೆಲ್ಲಬೇಡಿ. ಅದು ಮುಂದೆ ಬೇಕು. ಸೌತೆಕಾಯಿಯ ನೀರನ್ನು ಚೆಲ್ಲಬಹುದು.

ಎರಡಕ್ಕೂ 15-20 ನಿಮಿಷ ಬೇಕು. ಆಮೇಲೆ ಸೌತೆಕಾಯಿಯನ್ನು ಬಟ್ಟೆಯಲ್ಲಿ ಕಟ್ಟಿ ಮೆಲ್ಲಗೆ ಒತ್ತಿ. ಹಿಂಡಬೇಡಿ, ಕರುಮ್ ಎನ್ನುವ ಗುಣ ಹೋಗುತ್ತದೆ. ಟೊಮೆಟೊವನ್ನಂತೂ ಒತ್ತಲೇಬೇಡಿ, ತಾನಾಗಿ ಇಳಿದಷ್ಟೇ ಸಾಕು. ಇಲ್ಲಿ ಹಾಕಿದ ಉಪ್ಪಿನಲ್ಲಿ ಒಂದು ಪಾಲು ತರಕಾರಿಯಲ್ಲೇ ಉಳಿಯುತ್ತದೆ ಎಂಬುದು ನೆನಪಿರಲಿ. ಕೊನೆಯಲ್ಲಿ ರುಚಿ ನೋಡದೆ ಮತ್ತೆ ಉಪ್ಪು ಸುರಿದರೆ ಕೆಟ್ಟಿತು.

ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ 10 ನಿಮಿಷ ತಣ್ಣೀರಿನಲ್ಲಿಟ್ಟರೆ ಅದರ ಘಾಟು ಇಳಿಯುತ್ತದೆ. ಕ್ಯಾಪ್ಸಿಕಂಗೆ ಯಾವ ಉಪಚಾರವೂ ಬೇಡ, ಹೆಚ್ಚಿಟ್ಟರೆ ಸಾಕು.

## ಹಂತ 5: ಕಾಳಿಗೆ ವಿಶ್ರಾಂತಿ, ಆಮೇಲೆ ಹರಡುವುದು

ಉರಿ ಆರಿಸಿ. ಮುಚ್ಚಳ ತೆಗೆದು, ಪಾತ್ರೆಯ ಬಾಯಿಗೆ ಒಣ ಬಟ್ಟೆ ಹಾಸಿ, ಮೇಲೆ ಮುಚ್ಚಳ ಬಿಗಿಯಾಗಿ ಇಟ್ಟು 10 ನಿಮಿಷ ಬಿಡಿ. ಮುಚ್ಚಳಕ್ಕೆ ಕಟ್ಟುವ ಹಬೆಯ ಹನಿಯನ್ನು ಬಟ್ಟೆ ಹೀರುತ್ತದೆ, ಇಲ್ಲದಿದ್ದರೆ ಅದು ಮತ್ತೆ ಕಾಳಿನ ಮೇಲೇ ಬೀಳುತ್ತದೆ. ಉರಿ ಇರುವಾಗ ಮಾತ್ರ ಬಟ್ಟೆ ಹಾಕಲೇಬಾರದು, ಬೆಂಕಿ ಹಿಡಿಯುತ್ತದೆ.

ನಂತರ ಫೋರ್ಕಿನಿಂದ ಅಂಚಿನಿಂದ ನಡುವಿಗೆ ಕೆದಕುತ್ತಾ ಬಿಡಿಸಿ. ಸೌಟು ಬೇಡ, ಅದು ಕಾಳನ್ನು ಅರೆಯುತ್ತದೆ. ಬಿಡಿಸಿದ ಕಾಳನ್ನು ದೊಡ್ಡ ತಟ್ಟೆಯಲ್ಲಿ ಒಂದು ಬೆರಳಿನ ದಪ್ಪಕ್ಕೆ ಹರಡಿ 15-20 ನಿಮಿಷ ಆರಲು ಬಿಡಿ.

ಬಿಸಿ ಬಿಸಿಯಾಗಿ ತಿನ್ನುವವರೂ ಐದು ನಿಮಿಷವಾದರೂ ಹರಡಿ. ಪಾತ್ರೆಯಲ್ಲೇ ಗುಡ್ಡೆಯಾಗಿ ಬಿಟ್ಟ ಕ್ವಿನೋವಾ ತನ್ನ ಹಬೆಯಲ್ಲೇ ಬೇಯುತ್ತಾ ಹೋಗುತ್ತದೆ. ಚೆನ್ನಾಗಿ ಬೆಂದ ಕಾಳು ಬಡಿಸುವ ಹೊತ್ತಿಗೆ ಮುದ್ದೆಯಾಗುವುದು ಹೆಚ್ಚಾಗಿ ಇಲ್ಲಿಯೇ.

## ಹಂತ 6: ಕಾಳು ಆರುವಾಗ ಬೇಯುವ ತರಕಾರಿ

ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಮಾಡಿ. ಎಲ್ಲವನ್ನೂ ಒಂದೇ ಬಾಣಲೆಗೆ ಸುರಿದರೆ ಬಾಣಲೆಯ ಬಿಸಿ ಇಳಿದು, ತರಕಾರಿ ನೀರು ಬಿಟ್ಟು, ಹುರಿಯುವ ಬದಲು ಬೇಯುತ್ತದೆ.

ಬೀನ್ಸ್. ಒಂದು ಲೀಟರ್ ಕುದಿಯುವ ನೀರಿಗೆ 2 ಟೀ ಚಮಚ ಉಪ್ಪು ಹಾಕಿ, ಎರಡು ಸೆಂಟಿಮೀಟರ್ ಉದ್ದಕ್ಕೆ ಹೆಚ್ಚಿದ ಬೀನ್ಸನ್ನು 3-4 ನಿಮಿಷ ಮುಚ್ಚದೆ ಬೇಯಿಸಿ. ಕಚ್ಚಿದರೆ ಸ್ವಲ್ಪ ಗಟ್ಟಿ, ಆದರೆ ಹಸಿವಾಸನೆ ಇರಬಾರದು. ತೆಗೆದು ತಕ್ಷಣ ಐಸ್ ನೀರಿಗೆ ಹಾಕಿ. ತಣ್ಣಗಾದ ಮೇಲೆ ಬಟ್ಟೆಯ ಮೇಲೆ ಹರಡಿ ಪೂರ್ತಿ ಒರೆಸಿ. ಒದ್ದೆ ಬೀನ್ಸ್ ಬೆರೆಸಿದರೆ ಇಷ್ಟು ಹೊತ್ತು ಪಟ್ಟ ಪಾಡು ನೀರಿನಲ್ಲಿ ಹೋಮ. ಬೀನ್ಸನ್ನು ಹಸಿಯಾಗಿ ಸೇರಿಸಬೇಡಿ. ಅದರಲ್ಲಿರುವ ಲೆಕ್ಟಿನ್ ಎಂಬ ಪದಾರ್ಥ ಹೊಟ್ಟೆ ಕೆಡಿಸಬಲ್ಲದು, ಬೇಯಿಸಿದರೆ ಅದರ ಕಾಟ ಇರುವುದಿಲ್ಲ.

ಸಿಹಿಜೋಳ. ತಾಜಾ ತೆನೆಯ ಕಾಳಿಗೆ ಉಗುರು ಚುಚ್ಚಿದರೆ ಹಾಲಿನಂಥ ರಸ ಚಿಮ್ಮುತ್ತದೆ. ಕಿತ್ತ ಮೇಲೆ ದಿನ ಕಳೆದಂತೆ ಅದರ ಸಕ್ಕರೆ ಪಿಷ್ಟವಾಗುತ್ತದೆ, ಆದ್ದರಿಂದ ತಂದ ದಿನವೇ ಬಳಸಿ. ತೆನೆಯನ್ನು ಅಗಲ ಬೋಗುಣಿಯಲ್ಲಿ ನಿಲ್ಲಿಸಿ ಚಾಕುವಿನಿಂದ ಕಾಳು ಇಳಿಸಿ. ಚೆನ್ನಾಗಿ ಕಾದ ಬಾಣಲೆಗೆ ಒಂದು ಟೀ ಚಮಚ ಎಣ್ಣೆ, ಮೇಲೆ ಕಾಳು. ಎರಡು ನಿಮಿಷ ಮುಟ್ಟಬೇಡಿ. ತಳಭಾಗ ಅಲ್ಲಲ್ಲಿ ಕಂದಾದ ಮೇಲೆ ಒಮ್ಮೆ ತಿರುವಿ, ಇನ್ನೊಂದು ನಿಮಿಷ. ಕಾಳು ಸಿಡಿಯುತ್ತದೆ, ಮುಚ್ಚಳವನ್ನು ಗುರಾಣಿಯಂತೆ ಓರೆಯಾಗಿ ಹಿಡಿದುಕೊಳ್ಳಿ. ಫ್ರೀಜರಿನ ಜೋಳವಾದರೆ ಪೂರ್ತಿ ಕರಗಿಸಿ ಒರೆಸಿದ ಮೇಲೆಯೇ ಬಾಣಲೆಗೆ ಹಾಕಿ.

ಜುಕಿನಿ. ಹೆಚ್ಚು ಜನ ಸೋಲುವುದು ಇಲ್ಲಿಯೇ. ಒಂದು ಗೇಣಿಗಿಂತ ಚಿಕ್ಕ ಕಾಯಿ ಆರಿಸಿ. ದೊಡ್ಡದರಲ್ಲಿ ಬೀಜ ಮತ್ತು ಸ್ಪಂಜಿನಂಥ ತಿರುಳು ತುಂಬಿರುತ್ತದೆ, ಅದನ್ನು ಕೆರೆದು ತೆಗೆಯಬೇಕು.

ಬೇಯಿಸುವ ಮೊದಲು ಒಂದು ತೆಳು ಹೋಳನ್ನು ಹಸಿಯಾಗಿ ನಾಲಿಗೆಗೆ ತಾಗಿಸಿ. ಹಾಗಲಕಾಯಿಯಂಥ ಕಹಿ ಇದ್ದರೆ ಉಗಿದು, ಆ ಕಾಯಿಯನ್ನು ಪೂರ್ತಿ ಎಸೆಯಿರಿ. ಕುಕುರ್ಬಿಟಾಸಿನ್ ಎಂಬ ವಿಷಪದಾರ್ಥದ ಗುರುತು ಅದು. ವಾಂತಿ ಭೇದಿ ಆಗಬಹುದು, ಬೇಯಿಸಿದರೂ ಅದು ನಾಶವಾಗುವುದಿಲ್ಲ. ಮಸಾಲೆ ಹಾಕಿ ಮುಚ್ಚಿಬಿಡೋಣ ಎನ್ನುವ ಆಲೋಚನೆಯೇ ಬೇಡ.

ಕಹಿ ಇಲ್ಲದ ಕಾಯಿಯನ್ನು ಒಂದು ಸೆಂಟಿಮೀಟರ್ ದಪ್ಪದ ಅರ್ಧಚಂದ್ರ ಹೋಳುಗಳಾಗಿ ಮಾಡಿ ಒರೆಸಿ. ಅಗಲ ಬಾಣಲೆಯನ್ನು ಜೋರು ಉರಿಯಲ್ಲಿ ಕಾಯಿಸಿ, ಎರಡು ಟೀ ಚಮಚ ಎಣ್ಣೆ ಹಾಕಿ, ಹೋಳುಗಳನ್ನು ಒಂದೇ ಪದರವಾಗಿ ಜೋಡಿಸಿ. ಬಿದ್ದ ಕೂಡಲೇ ಚುಂಯ್ ಎನ್ನಬೇಕು. ಆ ಸದ್ದು ಬರದಿದ್ದರೆ ಬಾಣಲೆ ಇನ್ನೂ ಕಾದಿಲ್ಲ. ಒಂದು ಬದಿಗೆ ಎರಡು ನಿಮಿಷ, ಇನ್ನೊಂದು ಬದಿಗೆ ಎರಡು ನಿಮಿಷ. ನಡುವೆ ಕಲಕುವುದು ಬೇಡ. ಜಾಗ ಸಾಲದಿದ್ದರೆ ಎರಡು ಸರತಿಯಲ್ಲಿ ಮಾಡಿ. ಉಪ್ಪು ಬಾಣಲೆಯಿಂದ ತೆಗೆದ ಮೇಲೆಯೇ. ಮೊದಲೇ ಹಾಕಿದರೆ ನೀರು ಬಿಟ್ಟು ಹೋಳು ಮೆತ್ತಗಾಗುತ್ತದೆ.

ಬದನೆಕಾಯಿ ಕೂಡ ಚೆನ್ನಾಗಿ ಹೊಂದುತ್ತದೆ. ಆದರೆ ಬಾಣಲೆಯಲ್ಲಿ ಅದು ಸುರಿದ ಎಣ್ಣೆಯನ್ನೆಲ್ಲ ಕುಡಿಯುತ್ತದೆ. ಓವನ್ ಇದ್ದರೆ ಎರಡು ಸೆಂಟಿಮೀಟರ್ ತುಂಡುಗಳಿಗೆ ಎಣ್ಣೆ ಸವರಿ 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 25 ನಿಮಿಷ ಇಡಿ. ಓವನ್ ಇಲ್ಲದವರು ಮೊದಲ ಸಲಕ್ಕೆ ಬದನೆಕಾಯಿಯ ತಂಟೆಗೆ ಹೋಗದಿರುವುದೇ ವಾಸಿ.

ಬೆಂದ ತರಕಾರಿಯನ್ನೂ ಗುಡ್ಡೆ ಹಾಕದೆ ತಟ್ಟೆಯಲ್ಲಿ ಹರಡಿ ಆರಿಸಿ.

## ಹಂತ 7: ಡ್ರೆಸಿಂಗ್

ಮುಚ್ಚಳವಿರುವ ಚಿಕ್ಕ ಬಾಟಲಿಗೆ 3 ಟೇಬಲ್ ಚಮಚ ಎಣ್ಣೆ, 2 ಟೇಬಲ್ ಚಮಚ ನಿಂಬೆರಸ, ಸೋಸಿಟ್ಟ ಟೊಮೆಟೊ ರಸದಿಂದ 2 ಟೇಬಲ್ ಚಮಚ, ಜಜ್ಜಿದ ಬೆಳ್ಳುಳ್ಳಿ, ಕಾಳುಮೆಣಸಿನ ಪುಡಿ ಹಾಕಿ ಜೋರಾಗಿ ಅಲುಗಾಡಿಸಿ. ಅರ್ಧ ಟೀ ಚಮಚ ಜೇನುತುಪ್ಪ ಅಥವಾ ಸಾಸಿವೆ ಪೇಸ್ಟ್ ಸೇರಿಸಿದರೆ ಎಣ್ಣೆ ಮತ್ತು ರಸ ಬೇಗ ಬೇರೆಯಾಗುವುದಿಲ್ಲ. ಉಪ್ಪು ಈಗ ಬೇಡ, ಟೊಮೆಟೊ ರಸದಲ್ಲೇ ಇದೆ.

ಬೆರಳಲ್ಲಿ ಅದ್ದಿ ನೆಕ್ಕಿದಾಗ ಇದು ಸ್ವಲ್ಪ ಜಾಸ್ತಿಯೇ ಹುಳಿ ಅನ್ನಿಸಬೇಕು. ಕ್ವಿನೋವಾ ಹುಳಿಯನ್ನೂ ಉಪ್ಪನ್ನೂ ಹೀರಿ ಸಪ್ಪೆ ಮಾಡುತ್ತದೆ. ಬರೀ ಡ್ರೆಸಿಂಗ್ ರುಚಿ ನೋಡಿದಾಗ ಸರಿ ಎನ್ನಿಸಿದರೆ ಬೆರೆಸಿದ ಮೇಲೆ ಕಡಿಮೆಯಾಗುತ್ತದೆ.

ಹಸಿ ಬೆಳ್ಳುಳ್ಳಿ ಎಣ್ಣೆಯಲ್ಲಿ ಇರುವುದರಿಂದ ಇದನ್ನು ಹೊರಗೆ ದಿನಗಟ್ಟಲೆ ಇಡುವುದು ಅಪಾಯ. ಬೇಕಾದಷ್ಟು ಮಾಡಿ, ಅಂದೇ ಮುಗಿಸಿ.

## ಹಂತ 8: ಬೆರೆಸುವ ಕ್ರಮ

1. ಕಾಳು ಉಗುರುಬೆಚ್ಚಗೆ ಇರುವಾಗಲೇ ಅಗಲ ಬೋಗುಣಿಗೆ ಹಾಕಿ, ಅರ್ಧ ಡ್ರೆಸಿಂಗ್ ಸುರಿದು ಬೆರೆಸಿ. ಬೆಚ್ಚಗಿನ ಕಾಳು ರುಚಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ತೀರಾ ಬಿಸಿ ಇದ್ದರೆ ತರಕಾರಿ ಬಾಡುತ್ತದೆ, ಹಾಗಾಗಿ ಉಳಿದದ್ದನ್ನು ಸೇರಿಸಲು ಪೂರ್ತಿ ಆರಲಿ.
2. ಒಣ ತರಕಾರಿ ಮೊದಲು: ಜೋಳ, ಕ್ಯಾಪ್ಸಿಕಂ, ನೀರು ಬಸಿದ ಈರುಳ್ಳಿ, ಜುಕಿನಿ.
3. ಆಮೇಲೆ ಸೌತೆಕಾಯಿ, ಕೊನೆಗೆ ಟೊಮೆಟೊ.
4. ಬೀನ್ಸ್ ಮತ್ತು ಸೊಪ್ಪು ಬಡಿಸುವ ಹತ್ತು ನಿಮಿಷ ಮುಂಚೆ. ಹುಳಿಯಲ್ಲಿ ಹೆಚ್ಚು ಹೊತ್ತು ಇದ್ದರೆ ಬೀನ್ಸಿನ ಹಸಿರು ಬಣ್ಣ ಮಂಕಾಗಿ ಬೂದಿ ಛಾಯೆಗೆ ತಿರುಗುತ್ತದೆ. ಸೊಪ್ಪನ್ನು ತೊಳೆದು ಒರೆಸಿ, ಹರಿತ ಚಾಕುವಿನಿಂದ ಆಗಲೇ ಹೆಚ್ಚಿ.

ಎರಡು ದೊಡ್ಡ ಚಮಚ ಹಿಡಿದು ತಳದಿಂದ ಮೇಲಕ್ಕೆ ಎತ್ತಿ ಹಾಕುತ್ತಾ ಬೆರೆಸಿ. ಸುತ್ತಲೂ ಕಲಕಿದರೆ ಟೊಮೆಟೊ ಒಡೆಯುತ್ತದೆ. ಹತ್ತು ನಿಮಿಷ ಬಿಟ್ಟು ರುಚಿ ನೋಡಿ. ಒಣಗಿದಂತಿದ್ದರೆ ಉಳಿದ ಡ್ರೆಸಿಂಗ್, ಸಪ್ಪೆ ಇದ್ದರೆ ಮೊದಲು ಉಳಿದ ಚಮಚ ನಿಂಬೆರಸ, ಆಮೇಲೂ ಬೇಕೆನಿಸಿದರೆ ಉಪ್ಪು. ಫ್ರಿಜ್ಜಿನಿಂದ ತೆಗೆದು ತಣ್ಣಗೆ ತಿನ್ನುವುದಾದರೆ ಉಪ್ಪು ಹುಳಿ ಸ್ವಲ್ಪ ಮುಂದಿರಲಿ, ತಂಪಿನಲ್ಲಿ ನಾಲಿಗೆಗೆ ರುಚಿ ಮಂದವಾಗಿ ತಿಳಿಯುತ್ತದೆ. ಹುರಿದ ಬೀಜ, ಚೀಸ್ ಏನಾದರೂ ಹಾಕುವುದಿದ್ದರೆ ತಟ್ಟೆಗೆ ಬಡಿಸಿದ ಮೇಲೆ.

## ಕೆಟ್ಟರೆ ಏನು ಮಾಡುವುದು

ಕಹಿ ಬಂತು. ಎಲ್ಲಿಂದ ಬಂತು ಎಂದು ಮೊದಲು ಪತ್ತೆ ಮಾಡಿ. ಬರೀ ಕಾಳು ತಿಂದು ನೋಡಿ. ನಾಲಿಗೆಯ ಮೇಲೆ ಸೋಪಿನಂತೆ ಉಳಿಯುವ ಕಹಿ ಎಂದರೆ ತೊಳೆದದ್ದು ಸಾಲದು. ಬೆಂದ ಕಾಳನ್ನು ಜರಡಿಯಲ್ಲಿ ಬಿಸಿನೀರಿನಿಂದ ತೊಳೆದು ಹರಡಿ ಒಣಗಿಸಿದರೆ ಸ್ವಲ್ಪ ಸುಧಾರಿಸುತ್ತದೆ. ಸೀದ ವಾಸನೆ ಜೊತೆಗಿದ್ದರೆ ಹುರಿದದ್ದು ಅಥವಾ ತಳ ಹಿಡಿದದ್ದು. ತಳ ಕೆರೆಯದೆ ಮೇಲಿನದನ್ನಷ್ಟೇ ಬೇರೆ ಪಾತ್ರೆಗೆ ತೆಗೆಯಿರಿ. ಕಾಳು ಸರಿಯಿದ್ದು ತರಕಾರಿಯ ಹೋಳು ಕಹಿಯಾಗಿದ್ದರೆ, ಅದು ಜುಕಿನಿ ಅಥವಾ ಸೌತೆಕಾಯಿ ಆಗಿದ್ದರೆ, ಉಳಿಸುವ ಪ್ರಯತ್ನ ಬೇಡ. ಬೆರೆಸಿದ್ದೆಲ್ಲವನ್ನೂ ಎಸೆಯಿರಿ. ನಷ್ಟ ಎನ್ನಿಸುತ್ತದೆ, ನಿಜ. ಹೊಟ್ಟೆಗಿಂತ ದೊಡ್ಡದಲ್ಲ ಅಲ್ವಾ?

ಮುದ್ದೆಯಾಯಿತು. ಇನ್ನೂ ತರಕಾರಿ ಬೆರೆಸಿಲ್ಲದಿದ್ದರೆ ಅಗಲ ಬಾಣಲೆಯಲ್ಲಿ ತೆಳುವಾಗಿ ಹರಡಿ ಸಣ್ಣ ಉರಿಯಲ್ಲಿ ಮುಚ್ಚದೆ ಒಣಗಿಸಿ, ಅಥವಾ 160 ಡಿಗ್ರಿ ಓವನ್‌ನಲ್ಲಿ ಹತ್ತು ಹದಿನೈದು ನಿಮಿಷ ಇಡಿ. ಪೂರ್ತಿ ಗಂಜಿಯಾಗಿದ್ದರೆ ಉದುರಿಸುವ ಆಸೆ ಬಿಡಿ. ಬೇಯಿಸಿ ಕಿವುಚಿದ ಆಲೂಗಡ್ಡೆ ಅಥವಾ ಮೊಟ್ಟೆ ಸೇರಿಸಿ, ಜೋಳ ಈರುಳ್ಳಿ ಹಾಕಿ, ಚಪ್ಪಟೆಯಾಗಿ ತಟ್ಟಿ ಬಾಣಲೆಯಲ್ಲಿ ಎರಡೂ ಬದಿ ಬೇಯಿಸಿ. ಅದಕ್ಕೆ ಅಂಟು ಕಾಳೇ ಸರಿ.

ಬೋಗುಣಿಯ ತಳದಲ್ಲಿ ನೀರು ನಿಂತಿತು. ಜರಡಿಗೆ ಹಾಕಿ ಒಂದೆರಡು ನಿಮಿಷ ಬಸಿಯಿರಿ. ನೀರಿನ ಜೊತೆ ಉಪ್ಪು ಹುಳಿಯೂ ಹೋಗಿರುತ್ತದೆ, ಮತ್ತೆ ರುಚಿ ಸರಿಮಾಡಿ. ಮುಂದಿನ ಸಲ ಹಂತ 4ಕ್ಕೆ ಇನ್ನೂ ಐದು ನಿಮಿಷ ಕೊಡಿ.

ಹಲ್ಲಿಗೆ ಕರಕರ ಎನ್ನುತ್ತದೆ. ಮಣ್ಣು ಅಥವಾ ಸಣ್ಣ ಕಲ್ಲು. ಮುಂದಿನ ಸಲ ತೊಳೆಯುವಾಗ ಬೋಗುಣಿಯ ತಳದಲ್ಲಿ ಉಳಿಯುವ ಕೊನೆಯ ಚಮಚ ಕಾಳನ್ನು ಜರಡಿಗೆ ಹಾಕದೆ ಚೆಲ್ಲಿ.

## ಉಳಿದದ್ದನ್ನು ಇಡುವುದು

ಬೆಂದ ಕಾಳನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಬಿಡಬೇಡಿ. 32 ಡಿಗ್ರಿ ಸೆಲ್ಸಿಯಸ್ ದಾಟಿದ ಸೆಖೆಯಲ್ಲಿ ಒಂದೇ ಗಂಟೆ. ಬೆಂದ ಧಾನ್ಯಗಳಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು. ಅದರ ಬೀಜಾಣು ಕುದಿಸಿದರೂ ಸಾಯುವುದಿಲ್ಲ, ಅದು ಬಿಡುವ ಒಂದು ಬಗೆಯ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ರಾತ್ರಿಯಿಡೀ ಒಲೆಯ ಮೇಲೇ ಉಳಿದ ಪಾತ್ರೆಯನ್ನು ಬೆಳಿಗ್ಗೆ ಬಿಸಿ ಮಾಡಿ ತಿನ್ನುವಂತಿಲ್ಲ. ವಾಸನೆ ಚೆನ್ನಾಗಿದ್ದರೂ ಸರಿ.

ಹರಡಿ ಆರಿಸಿದ ಕಾಳನ್ನು ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿಗಿಟ್ಟರೆ ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ. ಹಬೆಯಾಡುವಾಗಲೇ ಡಬ್ಬಿ ಮುಚ್ಚಿದರೆ ಒಳಗೆ ಮತ್ತೆ ನೀರು ಕಟ್ಟುತ್ತದೆ. ಟೊಮೆಟೊ, ಸೌತೆಕಾಯಿ ಬೆರೆಸಿದ್ದು ಮರುದಿನಕ್ಕೆ ಮುಗಿಯಬೇಕು. ವಾರಕ್ಕೆ ಆಗುವಷ್ಟು ಒಮ್ಮೆಗೇ ಮಾಡುವವರು ಕಾಳನ್ನು ಬೇರೆ, ಬೆಂದ ತರಕಾರಿಯನ್ನು ಬೇರೆ ಇಟ್ಟು, ನೀರಿನ ತರಕಾರಿಯನ್ನು ತಿನ್ನುವ ದಿನ ಹೆಚ್ಚಿಕೊಳ್ಳಲಿ. ನಾಲ್ಕು ದಿನ ಮೀರುವ ಪಾಲನ್ನು ಫ್ರೀಜರಿಗೆ ಹಾಕಿ. ಚೀಲದಲ್ಲಿ ಚಪ್ಪಟೆಯಾಗಿ ಹರಡಿದರೆ ಎರಡು ತಿಂಗಳು ಇಡಬಹುದು. ಬೇಕಾದಾಗ ಅಷ್ಟನ್ನೇ ಮುರಿದು, ಒಂದು ಚಮಚ ನೀರು ಚಿಮುಕಿಸಿ, ಮುಚ್ಚಿ ಬಿಸಿ ಮಾಡಿ ಫೋರ್ಕಿನಿಂದ ಬಿಡಿಸಿ.